590 ರೂಪಾಯಿ ಹುಡುಕಿಕೊಟ್ಟವರಿಗೆ

ಮಾರ್ಚ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದವರು ಹಾಸಿಗೆ ಹಿಡಿಯುವಂತಿಲ್ಲ ಎಂದು ಹದಿನೆಂಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ. 2025ರ ಮಾರ್ಚ್ 6ರ ಬೆಳಿಗ್ಗೆ, ತುಮಕೂರಿನ ನಮ್ಮ ಮನೆಯಂಗಳಕ್ಕೆ ನೀರು ಹಾಕಿ, ರಂಗೋಲಿ ಡಬ್ಬಿಗೆಂದು ತಿರುಗಿದವಳು ಮೆಟ್ಟಿಲ ಮೇಲೆ ಜಾರಿದೆ. ಬಲಗಾಲಿನಲ್ಲಿ, ಹಿಮ್ಮಡಿಯ ಮೇಲ್ಭಾಗದ ಮೂಳೆ ಎರಡು ಕಡೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಬೇಕು, ಆರು ವಾರ ಪಾದ ನೆಲಕ್ಕೆ ತಾಗಿಸುವಂತಿಲ್ಲ ಎಂದರು. ಸ್ಟ್ರೆಚರ್ ಮೇಲೆ ಮಲಗಿ ನಮ್ಮವರಿಗೆ ನಾನು ಹೇಳಿದ ಮೊದಲ ಮಾತು, "ನಾಳೆ ಏಳನೇ ತಾರೀಖು." ಅವರು ಅದನ್ನು ಯಾವುದೋ ಹರಕೆಯ ದಿನವೆಂದು ತಿಳಿದರಂತೆ.

ಹರಕೆಯಲ್ಲ, ಆದಾಯ ತೆರಿಗೆ. ಸಂಬಳದಲ್ಲಿ, ಗುತ್ತಿಗೆದಾರರ ಬಿಲ್ಲಿನಲ್ಲಿ ಮೂಲದಲ್ಲೇ ಮುರಿದುಕೊಂಡ ತೆರಿಗೆಯನ್ನು ಮರು ತಿಂಗಳ 7ರೊಳಗೆ ಕಟ್ಟಬೇಕು. ತಪ್ಪಿದರೆ ಮುರಿದುಕೊಂಡ ದಿನದಿಂದಲೇ ತಿಂಗಳಿಗೆ ಶೇ 1.5ರಂತೆ ಬಡ್ಡಿ. ಆ ಬಡ್ಡಿಯನ್ನು ವಿಶ್ವವಿದ್ಯಾಲಯದ ಹಣದಲ್ಲಿ ಏಕೆ ಕಟ್ಟಿದಿರಿ ಎಂದು ಲೆಕ್ಕಪರಿಶೋಧಕರು ಒಂದು ಆಕ್ಷೇಪಣೆ ಬರೆಯುತ್ತಾರೆ, ಬರೆಯಬೇಕಾದದ್ದೇ. ಮರುದಿನ ಶಸ್ತ್ರಚಿಕಿತ್ಸೆ ಮುಗಿದು ಮಂಪರು ಇಳಿಯುವ ಹೊತ್ತಿಗೆ ಮೊಬೈಲಿಗೆ ಚಲನ್‌ನ ಚಿತ್ರ ಬಂದಿತ್ತು. ಕೆಳಗೆ ಒಂದೇ ಸಾಲು: "ಕಟ್ಟಿಯಾಯಿತು ಮೇಡಂ, ನೀವು ಮಲಗಿ."

ಕಳುಹಿಸಿದವಳು ನಮ್ಮ ವಿಭಾಗದ ಪ್ರಥಮ ದರ್ಜೆ ಸಹಾಯಕಿ, ಕೆಲಸಕ್ಕೆ ಸೇರಿ ಎರಡೂವರೆ ವರ್ಷವಾದ ಹುಡುಗಿ. ಹೆಸರು ಬರೆಯಬೇಡಿ ಎಂದಿದ್ದಾಳೆ, ಬರೆಯುವುದಿಲ್ಲ. ಇಲ್ಲಿ ಹಲವರಿಗೆ ವಂದನೆ ಹೇಳುವುದಿದೆ. ಹೆಚ್ಚಿನ ಪಾಲು ಅವಳದು.

ನಿನಗೇನಮ್ಮ ಕೆಲಸ ಎಂದು ನೆಂಟರು ಕೇಳಿದರೆ, ಯೂನಿವರ್ಸಿಟಿಯಲ್ಲಿ ದುಡ್ಡು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದೆ. ನಿಜವಾಗಿ ಹಿರಿಯ ಅಕೌಂಟೆಂಟ್ ದುಡ್ಡು ಮುಟ್ಟುವುದೇ ಇಲ್ಲ, ಕಾಗದ ಮುಟ್ಟುತ್ತಾಳೆ. ಬಿಲ್ಲು ಬಂದರೆ ಇದಕ್ಕೆ ಮಂಜೂರಾತಿ ಇದೆಯೇ, ಯಾವ ಲೆಕ್ಕ ಶೀರ್ಷಿಕೆ, ಅದರಲ್ಲಿ ಇನ್ನೂ ಹಣ ಉಳಿದಿದೆಯೇ, ಕೊಂಡ ವಸ್ತು ದಾಸ್ತಾನು ವಹಿಗೆ ಏರಿದೆಯೇ, ಕೂಡಿದ್ದು ಸರಿಯಿದೆಯೇ, ಏನೇನು ಕಡಿತವಾಗಬೇಕು ಎಂದು ನೋಡಿ ಸಹಿ ಹಾಕುವುದು. ಆಮೇಲೆ ಅದು ಹಣಕಾಸು ಅಧಿಕಾರಿಗಳ ಮೇಜಿಗೆ ಹೋಗುತ್ತದೆ. 2000ನೇ ಇಸವಿಯ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಲ್ಲಿ ಅವರ ಹುದ್ದೆಗೆ ಹೆಸರಿದೆ, ಜವಾಬ್ದಾರಿಯಿದೆ. ನಮ್ಮದು ಅವರ ಕಣ್ಣಿಗೆ ಬೀಳುವ ಮೊದಲು ಕಸ ತೆಗೆಯುವ ಕೆಲಸ, ಅಕ್ಕಿ ಆರಿಸಿದಂತೆ.

ಈ ಆರಿಸುವ ಕೆಲಸ ಯಾರಿಗೂ ಪ್ರಿಯವಲ್ಲ. ಪ್ರಯೋಗಾಲಯದ ಉಪಕರಣವೊಂದರ ಬಿಲ್ಲಿನ ಹಿಂದೆ ದಾಸ್ತಾನು ವಹಿಯ ಪುಟಸಂಖ್ಯೆ ಇಲ್ಲವೆಂದು ನಾನು ಎರಡು ಬಾರಿ ವಾಪಸು ಕಳುಹಿಸಿದ್ದ ಪ್ರಾಧ್ಯಾಪಕರೊಬ್ಬರು ಮೂಸಂಬಿ ಹಿಡಿದು ಆಸ್ಪತ್ರೆಗೆ ಬಂದರು. ಕಾಲಿನ ಬಗ್ಗೆ ವಿಚಾರಿಸಿದರು, ಮಧುಮೇಹ ಇದೆಯೇ ಎಂದು ಕೇಳಿದರು, ಏಳುವ ಮುನ್ನ ಮೆಲ್ಲಗೆ, "ಪುಟಸಂಖ್ಯೆ ಹಾಕಿಸಿದ್ದೇನೆ" ಎಂದರು. ಅವರ ಯೋಜನೆ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು. ಖರ್ಚಾಗದ ಹಣವೂ, ಅದರ ಮೇಲೆ ಬ್ಯಾಂಕ್ ಕೊಟ್ಟ ಬಡ್ಡಿಯೂ ಅನುದಾನ ಕೊಟ್ಟವರಿಗೇ ಹಿಂದಿರುಗುತ್ತವೆ. ಅವರ ಆತಂಕ ನನಗೆ ಅರ್ಥವಾಗಿತ್ತು. ಮೂಸಂಬಿಗೂ ಪುಟಸಂಖ್ಯೆಗೂ ವಂದನೆಗಳು, ಸರ್.

ಈಗ ನನ್ನ ತಪ್ಪಿನ ಮಾತು. ಹಾಸಿಗೆ ಹಿಡಿದ ವಾರದೊಳಗೆ ಗೊತ್ತಾದ ಸಂಗತಿಯೆಂದರೆ, ಕಚೇರಿಯ ವಹಿಯಲ್ಲಿ ಇರಬೇಕಾದ ಎಷ್ಟೋ ವಿಷಯಗಳು ನನ್ನ ತಲೆಯಲ್ಲಿದ್ದವು. ದಾನಿಗಳು ಚಿನ್ನದ ಪದಕಕ್ಕೆಂದು ಕೊಟ್ಟ ದತ್ತಿ ಹಣದ ಠೇವಣಿಗಳು ಯಾವ ಯಾವ ದಿನ ಅವಧಿ ಮುಗಿಸುತ್ತವೆ ಎಂಬ ಪಟ್ಟಿ ಕಚೇರಿಯಲ್ಲಿ ಇರಲಿಲ್ಲ, ನಮ್ಮ ಮನೆಯ ಹಾಲಿನ ಲೆಕ್ಕದ ಡೈರಿಯ ಕೊನೆಯ ಪುಟದಲ್ಲಿತ್ತು. ಇದನ್ನು ಜಾಣತನವೆಂದುಕೊಂಡಿದ್ದೆ. ನಮ್ಮ ಅಟೆಂಡರ್ ಅಣ್ಣ ಸಂಜೆ ಗುಬ್ಬಿಯ ಬಸ್ಸು ಹತ್ತುವುದನ್ನು ಬಿಟ್ಟು ಮನೆಗೆ ಬಂದು ಆ ಡೈರಿ ಒಯ್ದರು, ನಕಲು ತೆಗೆಸಿ ಮರುದಿನ ತಂದುಕೊಟ್ಟರು. ತರುವಾಗ ಕ್ಯಾತಸಂದ್ರದ ತಟ್ಟೆ ಇಡ್ಲಿ ಪೊಟ್ಟಣವೂ ಜೊತೆಗಿತ್ತು. "ಹಾಲಿನವನಿಗೆ ಜನವರಿಯ ಬಾಕಿ ಇದೆ ನೋಡಿ ಮೇಡಂ" ಎಂದು ಅದನ್ನೂ ಪತ್ತೆ ಹಚ್ಚಿದ್ದರು.

ಆದರೆ ಎಲ್ಲಕ್ಕಿಂತ ದೊಡ್ಡ ತಲೆನೋವು 1,180 ರೂಪಾಯಿಯದು. ನಗದು ಪುಸ್ತಕದ ಬ್ಯಾಂಕ್ ಶಿಲ್ಕು (ಉಳಿಕೆ ಮೊತ್ತ), ಬ್ಯಾಂಕಿನವರು ಕೊಟ್ಟ ಲೆಕ್ಕಪಟ್ಟಿ, ಇವೆರಡನ್ನೂ ಪ್ರತಿ ತಿಂಗಳು ತಾಳೆ ನೋಡುತ್ತೇವೆ. ಜಮಾ ಆಗದ ಚೆಕ್ಕುಗಳನ್ನೆಲ್ಲ ಕಳೆದು ಕೂಡಿದ ಮೇಲೂ ಫೆಬ್ರುವರಿಯಿಂದ ನಮ್ಮ ಪುಸ್ತಕದಲ್ಲಿ 1,180 ರೂಪಾಯಿ ಹೆಚ್ಚು ಬರುತ್ತಿತ್ತು. ನಾನು ಬೀಳುವ ಹಿಂದಿನ ಸಂಜೆಯವರೆಗೂ ಹುಡುಕಿದ್ದೆ. ಅಷ್ಟು ಚಿಲ್ಲರೆ ಹಣಕ್ಕೆ ಏಕಿಷ್ಟು ರಗಳೆ, ಜೇಬಿನಿಂದ ಕಟ್ಟಿಬಿಡಿ ಎಂದವರೂ ಇದ್ದರು. ಕಟ್ಟಬಹುದಿತ್ತು, ಆದರೆ ಸಣ್ಣ ವ್ಯತ್ಯಾಸವೆಂದರೆ ಸಣ್ಣ ತಪ್ಪೇ ಎಂದು ಯಾರು ಹೇಳಿದರು? ಲಕ್ಷದ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಸಾವಿರವನ್ನಷ್ಟೇ ಹೊರಗೆ ತೋರಿಸುತ್ತಿರಬಹುದು.

ಮಾರ್ಚ್ 28, ಶುಕ್ರವಾರ ರಾತ್ರಿ ಎಂಟೂವರೆಗೆ ಹುಡುಗಿಯ ಕರೆ ಬಂತು. ಮೊದಲು ಕಾಲು ಹೇಗಿದೆ ಎಂದಳು. ಊಟವಾಯಿತೇ ಎಂದಳು. ಏನೋ ಹೇಳಲಾರದೆ ಸುತ್ತುತ್ತಿದ್ದಾಳೆ ಎಂದು ಗೊತ್ತಾಯಿತು.

"ಮೇಡಂ, 1,180 ಒಂಬತ್ತರಿಂದ ಭಾಗವಾಗಲಿಲ್ಲ."

"ಸರಿ."

"ಅರ್ಧ ಮಾಡಿದೆ. 590 ಬಂತು."

ನಾನು ಸುಮ್ಮನಿದ್ದೆ.

"ಜನವರಿ 23ರ ಪುಟದಲ್ಲಿ ಸಿಕ್ಕಿತು. ಬ್ಯಾಂಕಿನವರು ಕತ್ತರಿಸಿದ ಸೇವಾ ಶುಲ್ಕ 500, ಅದರ ಮೇಲೆ ಶೇ 18 ಜಿಎಸ್‌ಟಿ 90. ಖರ್ಚಿನ ಕಡೆ ಬರಬೇಕಿತ್ತು, ಜಮಾ ಕಡೆ ಬರೆದಿದೆ." ಸ್ವಲ್ಪ ತಡೆದು, "ಅಕ್ಷರ ನಿಮ್ಮದು ಮೇಡಂ."

ನನ್ನ ಅಪ್ಪ ಮಂಡಿಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಶಿಲ್ಕು ಕೂಡದಿದ್ದರೆ ಅವರ ಸೂತ್ರ ಇಷ್ಟೇ: ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 54 ಎನ್ನುವುದು 45 ಆಗಿದೆ. ಆಗದಿದ್ದರೆ ಅರ್ಧ ಮಾಡು, ಆ ಮೊತ್ತ ಎಲ್ಲೋ ತಪ್ಪು ಪಕ್ಕದಲ್ಲಿ ಕುಳಿತಿದೆ; ಕಳೆಯಬೇಕಾದದ್ದನ್ನು ಕೂಡಿದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಇದನ್ನು ಅವಳಿಗೆ ಕಲಿಸಿದವಳು ನಾನೇ. ಅರ್ಧ ಮಾಡಿ ಹುಡುಕಿದವಳೂ ನಾನೇ. ಆ ಪುಟವನ್ನು ನಾನು ಎರಡು ಸಲ ದಾಟಿ ಹೋಗಿರಬೇಕು. ನನ್ನ ಕೈಬರಹವಾದ್ದರಿಂದ ಸರಿಯಿರುತ್ತದೆ ಎಂದು ಕಣ್ಣು ನಿಲ್ಲಲಿಲ್ಲ. ಅವಳು ನನ್ನ ಅಕ್ಷರವನ್ನೂ ಅನುಮಾನಿಸಿದಳಲ್ಲ, ಅದಕ್ಕೇ ಈ ಬರಹ. ಫೋನು ಇಟ್ಟ ಮೇಲೆ ನಕ್ಕೆನೋ ಅತ್ತೆನೋ, ನಮ್ಮವರು ಮಾತ್ರ ಕಾಲು ನೋಯುತ್ತಿದೆಯೆಂದು ಮಾತ್ರೆ ತಂದರು.

ಆ ಹಣಕಾಸು ವರ್ಷದ ಕೊನೆಯೂ ವಿಚಿತ್ರವಾಗಿತ್ತು. ಮಾರ್ಚ್ 30 ಭಾನುವಾರ ಯುಗಾದಿ, 31 ಸೋಮವಾರ ರಂಜಾನ್. ಸರ್ಕಾರದ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗಳು 31ರಂದು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಮೊದಲೇ ಹೇಳಿತ್ತು. ಹಾಗಾಗಿ ನಮ್ಮ ವಿಭಾಗದವರಿಗೂ ಹಬ್ಬವಿಲ್ಲ. ಬೆಳಗಿನ ನಮಾಜು ಮುಗಿಸಿ, ಹೊಸ ಬಟ್ಟೆಯಲ್ಲೇ ಬಂದು ರಾತ್ರಿಯವರೆಗೆ ಓಚರ್ ಜೋಡಿಸಿದ ಸಹೋದ್ಯೋಗಿಗೆ, ಹಿಂದಿನ ದಿನದ ಒಬ್ಬಟ್ಟನ್ನು ಎಲ್ಲರಿಗೂ ಹಂಚಿದ ಟಪಾಲು ವಿಭಾಗದ ಅಕ್ಕನಿಗೆ, ಪಾವಗಡ, ಶಿರಾದಿಂದ ಬರುವ ಅತಿಥಿ ಉಪನ್ಯಾಸಕರ ಗೌರವಧನ ಯುಗಾದಿಗೆ ಮುಂಚೆಯೇ ಅವರ ಖಾತೆಗೆ ಸೇರಲೆಂದು ಪಟ್ಟು ಹಿಡಿದ ಹಣಕಾಸು ಅಧಿಕಾರಿಗಳಿಗೆ, ಎಲ್ಲರಿಗೂ ಋಣಿ. ಆ ಎರಡು ತಿಂಗಳು ಅಧಿಕಾರಿಗಳು ನನಗೆ ಒಂದು ಸಲವೂ ಕರೆ ಮಾಡಲಿಲ್ಲ. ಮೊದಲು ಬೇಸರವಾಗಿತ್ತು. ಆಮೇಲೆ ಗೊತ್ತಾಯಿತು, ಯಾರೂ ಕರೆ ಮಾಡಕೂಡದೆಂದು ವಿಭಾಗಕ್ಕೆ ಅವರೇ ಹೇಳಿದ್ದರಂತೆ. ಹುಡುಗಿ ಮಾತ್ರ ಆ ಆದೇಶ ಮೀರಿದ್ದಳು.

ತಿಪಟೂರಿನಿಂದ ಬಂದು ಐದು ವಾರ ನಮ್ಮ ಅಡುಗೆಮನೆ ನಡೆಸಿದ ನಾದಿನಿಗೆ, ರಾತ್ರಿ ಪಾಳಿಯಲ್ಲಿ ನನ್ನ ಕಾಲಿಗೆ ದಿಂಬು ಸರಿಪಡಿಸುತ್ತಿದ್ದ ದಾದಿಯರಿಗೆ, "ಇನ್ನೊಂದು ಹೆಜ್ಜೆ, ಇನ್ನೊಂದು" ಎಂದು ಬೈದು ನಡೆಸಿದ ಫಿಸಿಯೋಥೆರಪಿಸ್ಟ್‌ಗೆ ಇಲ್ಲಿ ಒಂದೇ ಸಾಲು ಸಿಕ್ಕಿದೆ. ಮುಖಾಮುಖಿಯಾಗಿ ಹೆಚ್ಚು ಹೇಳಿದ್ದೇನೆ.

ಮೇ 5ರಂದು ಕೋಲು ಹಿಡಿದು ಕಚೇರಿಗೆ ಹೋದೆ. ನನ್ನ ಮೇಜಿನ ಮೇಲೆ ಠೇವಣಿಗಳ ಹೊಸ ವಹಿ ಇತ್ತು. ಅಚ್ಚುಕಟ್ಟಾಗಿ ಗೆರೆ ಎಳೆದು, ಅವಧಿ ಮುಗಿಯುವ ದಿನದ ಪ್ರಕಾರ ಜೋಡಿಸಿದ್ದರು. ಪಕ್ಕದಲ್ಲಿ ನಗದು ಪುಸ್ತಕ, ಮಾರ್ಚ್ 28ರ ಪುಟಕ್ಕೆ ಹಾಳೆ ಸಿಕ್ಕಿಸಿತ್ತು. ಜನವರಿಯ ಬರಹಕ್ಕೆ ಬಿಳಿ ಶಾಯಿ ಬಳಿದಿರಲಿಲ್ಲ, ಹೊಡೆದು ಹಾಕಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟು 28ರಂದು ಸರಿಪಡಿಸುವ ನಮೂದು ಬರೆದಿದ್ದಳು, ಕಾರಣ ವಿವರಿಸಿದ್ದಳು. ಅಧಿಕಾರಿಗಳು ದೃಢೀಕರಿಸಿದ್ದರು. ಬರೆದವರ ಸಹಿ, ಪರಿಶೀಲಿಸಿದವರ ಸಹಿ ಎಲ್ಲವೂ ಇದ್ದವು. ಜನವರಿ 23ರ ಸಾಲಿನ ಎದುರಿಗೆ ಮಾತ್ರ ಪೆನ್ಸಿಲಿನಲ್ಲಿ ಒಂದು ಪುಟ್ಟ ಚೌಕ ಎಳೆದು, "ನೋಡಿದ್ದೇನೆ" ಎಂದು ನಾನು ಬರೆಯಲೆಂದು ಖಾಲಿ ಬಿಟ್ಟಿದ್ದಳು.

ಬರೆದು, ಸಹಿ ಮಾಡಿ, ತಾರೀಖು ಹಾಕಿದೆ.