ಮನೆಯಿದ್ದೂ ವಿಳಾಸವಿಲ್ಲದ ಮತದಾರರು

ಅಮೆರಿಕದ ಐವತ್ತು ರಾಜ್ಯಗಳ ಪೈಕಿ ಮತದಾರರ ನೋಂದಣಿಯೇ ಇಲ್ಲದ ರಾಜ್ಯವೆಂದರೆ ನಾರ್ತ್ ಡಕೋಟ ಒಂದೇ. 1951ರಲ್ಲಿ ನೋಂದಣಿಯನ್ನು ಕೈಬಿಟ್ಟ ಈ ರೈತಾಪಿ ರಾಜ್ಯದಲ್ಲಿ ಗುರುತಿನ ಚೀಟಿ ಇಲ್ಲದೆ ಬಂದವರ ಪರವಾಗಿ ಮತಗಟ್ಟೆಯ ಸಿಬ್ಬಂದಿಯೇ ‘ಇವರನ್ನು ನಾನು ಬಲ್ಲೆ’ ಎಂದು ಖಾತರಿ ನೀಡಬಹುದಿತ್ತು, ಇಲ್ಲವೇ ಮತದಾರರೇ ಪ್ರಮಾಣಪತ್ರಕ್ಕೆ ಸಹಿ ಹಾಕಬಹುದಿತ್ತು. 2013ರ ಕಾಯ್ದೆ ಇವೆರಡನ್ನೂ ತೆಗೆದುಹಾಕಿ, ವಾಸದ ಮನೆಯ ವಿಳಾಸವಿರುವ ಚೀಟಿಯನ್ನು ಕಡ್ಡಾಯಗೊಳಿಸಿತು.

ಪಟ್ಟಿಯೇ ಇಲ್ಲದಿರುವಾಗ ಮತದಾರರು ಯಾವ ಕ್ಷೇತ್ರದವರೆಂದು ತಿಳಿಯಲು ವಿಳಾಸ ಬೇಕಲ್ಲವೇ ಎಂಬ ಸರ್ಕಾರದ ವಾದ ತೀರಾ ಪೊಳ್ಳೇನಲ್ಲ. ಆದರೆ ಸ್ಟ್ಯಾಂಡಿಂಗ್ ರಾಕ್, ಟರ್ಟಲ್ ಮೌಂಟನ್ ಮೊದಲಾದ ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಎಷ್ಟೋ ರಸ್ತೆಗಳಿಗೆ ಹೆಸರಿಲ್ಲ, ಮನೆಗಳಿಗೆ ಸಂಖ್ಯೆಯಿಲ್ಲ. ಅಂಚೆ ಮನೆಬಾಗಿಲಿಗೆ ಬಾರದ ಕಾರಣ ಅನೇಕರ ಚೀಟಿಯಲ್ಲಿರುವುದು ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರ. 2018ರ ಜೂನ್‌ನ ಪ್ರೈಮರಿಯಲ್ಲಿ (ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ), ಕೆಳ ನ್ಯಾಯಾಲಯ ಈ ನಿಯಮಕ್ಕೆ ತಡೆ ನೀಡಿದ್ದರಿಂದ, ಅಂಥ ಚೀಟಿ ನಡೆದಿತ್ತು. ಮುಂದೆ ಆ ತಡೆ ತೆರವಾಗಿ, ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿದ ಮೇಲೆ ನವೆಂಬರ್ ಚುನಾವಣೆಗೆ ಅದೇ ಚೀಟಿ ನಡೆಯದಾಯಿತು. ನಿಯಮ ಹೀಗೆ ನಡುವೆ ಬದಲಾದರೆ ಮತದಾರರು ಗೊಂದಲಕ್ಕೀಡಾಗುತ್ತಾರೆಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಎಚ್ಚರಿಸಿದ್ದರು. ಉಳಿದಿದ್ದ ನಾಲ್ಕು ವಾರಗಳಲ್ಲಿ ಬುಡಕಟ್ಟುಗಳ ಆಡಳಿತಗಳು ತಾವೇ ಮುಂದೆ ನಿಂತು ಉಚಿತವಾಗಿ ಹೊಸ ಚೀಟಿಗಳನ್ನು ಹಂಚಿದವು. ಟರ್ಟಲ್ ಮೌಂಟನ್‌ನಲ್ಲಿ ಬಿಡುವಿಲ್ಲದೆ ಓಡಿದ ಮುದ್ರಣ ಯಂತ್ರ ಕಾದು, ಕಾರ್ಡುಗಳೇ ಕರಗತೊಡಗಿದವಂತೆ! 2013ರ ಕಾಯ್ದೆಯ ಮಸೂದೆಯನ್ನು ಮಂಡಿಸಿದ್ದ ಶಾಸಕ ರ‍್ಯಾಂಡಿ ಬೇನಿಂಗ್ ಅದೇ ಚುನಾವಣೆಯಲ್ಲಿ ಮೂಲನಿವಾಸಿ ಮಹಿಳೆ ರೂತ್ ಬಫಲೊ ಅವರೆದುರು ಸೋತದ್ದನ್ನು ಇಲ್ಲಿ ಹೇಳದಿರಲಾಗದು.

ಸ್ಟ್ಯಾಂಡಿಂಗ್ ರಾಕ್ ಮತ್ತು ಸ್ಪಿರಿಟ್ ಲೇಕ್ ಬುಡಕಟ್ಟುಗಳೊಂದಿಗೆ 2020ರಲ್ಲಿ ಆದ ರಾಜಿಯಂತೆ, ವಿಳಾಸವಿಲ್ಲದ ಮೂಲನಿವಾಸಿಗಳು ನಕ್ಷೆಯಲ್ಲಿ ತಮ್ಮ ಮನೆಯ ಜಾಗವನ್ನು ಗುರುತಿಸಿದರೆ ಸಾಕು. ಅದರ ವಿಳಾಸವನ್ನು ಖಚಿತಪಡಿಸುವುದು ಸರ್ಕಾರದ ಹೊಣೆ. ನಿಜವಾದ ಸುಧಾರಣೆ ಆದದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಭಾರತದಲ್ಲಿಯೂ ಸೂರಿಲ್ಲದವರು ಹೆಸರು ಸೇರಿಸಲು ಅರ್ಜಿ ಹಾಕಿದಾಗ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿಯ ಹೊತ್ತು ಅವರು ಮಲಗುವ ಜಾಗಕ್ಕೇ ಹೋಗಿ ನೋಡಬೇಕೆಂಬ ನಿಯಮವಿದೆ. ಅದು ಎಲ್ಲೆಡೆ ಸರಿಯಾಗಿ ಪಾಲನೆಯಾಗುತ್ತದೆಯೇ ಎಂಬುದು ಬೇರೆ ಮಾತು.

ಅಮೆರಿಕದ ಪೌರತ್ವ ಪಡೆದಿರುವ ನಮ್ಮ ಸಂಘದ ಸದಸ್ಯರಲ್ಲಿ ಕೆಲವರ ಹೆಸರು ಒಂದು ದಾಖಲೆಯಲ್ಲಿ ಊರಿನ ಹೆಸರಿನೊಂದಿಗೂ ಮತ್ತೊಂದರಲ್ಲಿ ತಂದೆಯ ಹೆಸರಿನೊಂದಿಗೂ ಇರುವುದುಂಟು. ಅಂಥವರು ತಮ್ಮ ರಾಜ್ಯದ ಮತಗಟ್ಟೆಯಲ್ಲಿ ಯಾವ ದಾಖಲೆ ಕೇಳುತ್ತಾರೆಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕೆಂದು ಕೋರುತ್ತೇವೆ.