ಮೇಜಿನ ಮೇಲೆ ಉಳಿದ ಅರ್ಜಿ

ತುಮಕೂರು

ಚಿ. ಸೌ. ವೀಣಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಪತ್ರವನ್ನು ಓದಿ ಸಂತೋಷಪಟ್ಟು ಮಡಿಸಿಡುವಷ್ಟರಲ್ಲಿ, ಕೊನೆಯ ಪುಟದ ಅಂಚಿನಲ್ಲಿ ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಲು ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಕೊಡುವ ಫಲಕದ ಅರ್ಜಿಯ ಬಗ್ಗೆ ನೀನು ಸಣ್ಣ ಅಕ್ಷರದಲ್ಲಿ ಬರೆದ ಸಾಲು ಕಣ್ಣಿಗೆ ಬಿತ್ತು: "ಡಾಕ್ಟರು ‘ಪರ್ಮನೆಂಟ್’ ಎಂಬ ಚೌಕಕ್ಕೆ ಗುರುತು ಹಾಕಿಬಿಟ್ಟರು ಮಾವ, ಆ ಅರ್ಜಿಯನ್ನು ಕಳುಹಿಸಲು ಕೈ ಬರುತ್ತಿಲ್ಲ." ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ನಿನ್ನ ಮಂಡಿಯ ವಿಷಯವನ್ನು ಮತ್ತೆ ಕೆದಕುವುದಿಲ್ಲ. ಬೆಳಿಗ್ಗೆ ನೆಲಕ್ಕೆ ಊರಲಾಗದ ಕಾಲು ಹತ್ತು ಗಂಟೆಯ ಹೊತ್ತಿಗೆ ಏನೂ ಆಗದಂತೆ ನಡೆಯುವುದರಿಂದ, ಅಂಗಡಿಯ ಮುಂದಿನ ನೀಲಿ ಗುರುತಿನ ಜಾಗದಲ್ಲಿ ನೀನು ಕಾರು ನಿಲ್ಲಿಸಿ ಇಳಿದರೆ ಜನ ತಿರುಗಿ ನೋಡಬಹುದು ಎಂಬುದೂ ನನಗೆ ತಿಳಿಯುತ್ತದೆ. ಆದರೆ ನಿನ್ನನ್ನು ತಡೆದಿರುವುದು ಜನರ ನೋಟವಲ್ಲ, ಆ ಒಂದು ಪದ ಎಂದು ನನಗನ್ನಿಸುತ್ತದೆ. ಪದಕ್ಕೆ ಹೆದರಿದವನು ನಾನೂ ಹೌದು.

1996ರಲ್ಲಿ ಸ್ಕೂಟರ್ ಕೊಂಡಾಗ, ನನ್ನ ಎಡಗಾಲನ್ನು ನೋಡಿದ ಮೆಕ್ಯಾನಿಕ್ ಹಿಂದೆ ಎರಡು ಪಕ್ಕದ ಚಕ್ರ ಹಾಕಿಸಿ, ಹಾಗೆಯೇ ನೋಂದಣಿ ಮಾಡಿಸಿ ಎಂದ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಗಾಡಿಗೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಹೆಸರಿತ್ತು. ಇಂಗ್ಲಿಷಿನಲ್ಲಿ ‘ಇನ್‌ವ್ಯಾಲಿಡ್’ ಪದಕ್ಕೆ ಅಸಿಂಧು ಎಂಬುದಲ್ಲದೆ ಅಶಕ್ತ ಎಂಬ ಅರ್ಥವೂ ಉಂಟೆಂದು ಮೇಷ್ಟ್ರಾದ ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಚುನಾವಣೆಯ ಎಣಿಕೆ ಕೆಲಸಕ್ಕೆ ಹೋದಾಗ ಅಸಿಂಧು ಮತಪತ್ರಗಳನ್ನು ಬೇರೆ ಕಟ್ಟು ಕಟ್ಟಿ ಮೂಲೆಗಿಡುತ್ತಿದ್ದುದೇ ಕಣ್ಣ ಮುಂದೆ ಬಂತು. ಆ ಕಟ್ಟಿಗೆ ನಾನು ಸೇರುವುದಿಲ್ಲ ಎಂದುಕೊಂಡು, ಎಲ್ಲರಂತೆ ಎರಡೇ ಚಕ್ರದ ಗಾಡಿಯನ್ನು ಓಡಿಸಿದೆ.

ಒಂದು ಮಳೆಗಾಲದ ಸಂಜೆ ಬಿ.ಎಚ್. ರಸ್ತೆಯಲ್ಲಿ ಮುಂದಿನ ಬಸ್ಸು ನಿಂತಿತೆಂದು ನಾನೂ ನಿಲ್ಲಿಸಿದೆ, ಗಾಡಿ ಎಡಕ್ಕೆ ವಾಲಿತು, ಎಡಗಾಲು ಭಾರ ತಡೆಯಲಿಲ್ಲ. ನನಗೆ ಏನೂ ಆಗಲಿಲ್ಲ. ಹಿಂದೆ ಕುಳಿತಿದ್ದ ನಿಮ್ಮತ್ತೆಯ ಬಲಗೈ ಮಣಿಕಟ್ಟು ಮುರಿಯಿತು. ಇಂದಿಗೂ ಒಬ್ಬಟ್ಟು ತಟ್ಟುವಾಗ ಅವಳ ಕೈ ತಿರುಗುವುದಿಲ್ಲ, ಬಾಳೆಲೆಯನ್ನೇ ಸುತ್ತ ತಿರುಗಿಸಿಕೊಳ್ಳುತ್ತಾಳೆ. ಅವಳು ಒಂದು ದಿನವೂ ಆ ಮಾತನ್ನು ಎತ್ತಿಲ್ಲ. ಹಬ್ಬದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ನಾನೇ ಬಿಟ್ಟಿದ್ದೇನೆ. ಮರುತಿಂಗಳೇ ಚಕ್ರ ಹಾಕಿಸಿದೆ. 2019ರ ತಿದ್ದುಪಡಿಯಲ್ಲಿ ಸರ್ಕಾರ ಆ ಹೆಸರನ್ನೇ ತೆಗೆದು ‘ಅಡಾಪ್ಟೆಡ್ ವೆಹಿಕಲ್’, ಅಂದರೆ ಅಗತ್ಯಕ್ಕೆ ಹೊಂದಿಸಿದ ವಾಹನ, ಎಂದಿತು. ಯಾವ ಪದಕ್ಕಾಗಿ ನಾನು ಅಷ್ಟು ಹಟ ಹಿಡಿದೆನೋ ಆ ಪದವೇ ಕಾನೂನಿನಲ್ಲಿ ಉಳಿಯಲಿಲ್ಲ.

ನಿಮ್ಮ ‘ಪರ್ಮನೆಂಟ್’ ಕೂಡ ಅಂಥದ್ದೇ ಎಂದು ತೋರುತ್ತದೆ. ನೀನು ಕಳುಹಿಸಿದ ಆ ಫಲಕದ ಅರ್ಜಿಯ (ರೆಗ್ 195) ಪ್ರತಿಯನ್ನು ನಿಮ್ಮಣ್ಣ ನನಗೆ ಓದಿ ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ ತಾತ್ಕಾಲಿಕವೆಂದು ಕೊಡುವ ಕೆಂಪು ಫಲಕ ಹೆಚ್ಚೆಂದರೆ 180 ದಿನ ನಡೆಯುತ್ತದಂತೆ. ಶಾಶ್ವತವೆಂದು ಕೊಡುವ ನೀಲಿಯದೂ ಬೆಸ ಸಂಖ್ಯೆಯ ವರ್ಷದ ಜೂನ್ 30ಕ್ಕೆ ಮುಗಿದು ಹೊಸದು ಬರಬೇಕಂತೆ, ಆರು ವರ್ಷಕ್ಕೊಮ್ಮೆ ಇನ್ನೂ ಬೇಕೆಂದು ನೀನೇ ಸಹಿ ಮಾಡಬೇಕಂತೆ. ಎರಡು ವರ್ಷಕ್ಕೆ ಮುಗಿಯುವುದನ್ನು ಶಾಶ್ವತವೆಂದು ಕರೆದರೆ ನಾವು ಹೆದರುವುದೇಕೆ? ಡಾಕ್ಟರು ಗುರುತು ಹಾಕಿದ್ದು ಕಾಗದದ ಚೌಕಕ್ಕೆ, ನಿನ್ನ ಹಣೆಗಲ್ಲ.

ಇಷ್ಟು ಹೇಳಿದ ಮೇಲೂ ಅಳುಕು ಹೋಗದಿದ್ದರೆ, ಸದ್ಯಕ್ಕೆ ಗಾಲಿಕುರ್ಚಿಯ ಚಿತ್ರವಿರುವ ನಂಬರ್ ಪ್ಲೇಟ್ ಬೇಡ, ಕನ್ನಡಿಗೆ ತೂಗುಹಾಕುವ ಫಲಕ ಮಾತ್ರ ತೆಗೆದುಕೋ. ಹೇಗೂ ಗಾಡಿ ಓಡಿಸುವಾಗ ಅದನ್ನು ತೆಗೆದಿಡಲೇಬೇಕು, ನಿಲ್ಲಿಸಿದಾಗ ಮಾತ್ರ ಹಾಕಬೇಕು. ಅಲ್ಲಿಯ ರೀತಿನೀತಿ ಅರಿಯದ ನಾನು ಹೇಳುವುದು ಅಧಿಕಪ್ರಸಂಗವಾದೀತು. ಮೋಸವಾಗುವುದಿಲ್ಲವೇ ಎಂದು ಕೇಳಿದ್ದೀಯಲ್ಲ, ಆ ಫಲಕ ಕಾರಿನದಲ್ಲ, ನಿನ್ನದು. ನೀನಿಲ್ಲದೆ ಅಳಿಯಂದಿರು ಅದನ್ನು ಹಾಕಿಕೊಂಡು ತರಕಾರಿಗೆ ಹೋದರೆ ಅದು ಮೋಸ, 250ರಿಂದ 1,000 ಡಾಲರ್‌ವರೆಗೆ ದಂಡವೂ ಇದೆಯಂತೆ. ನೋವಿರುವವಳು ಹತ್ತಿರದಲ್ಲಿ ಗಾಡಿ ನಿಲ್ಲಿಸುವುದು ಹೇಗೆ ಮೋಸವಾದೀತು?

ಡಾಕ್ಟರ ಸಹಿ ಆಗಿರುವ ಕಾಗದ ಎಷ್ಟು ದಿನದಿಂದ ಮೇಜಿನ ಮೇಲಿದೆ ಎಂದು ನೀನು ಬರೆಯಲಿಲ್ಲ. ನಾನು ಸ್ಕೂಟರಿನ ಅರ್ಜಿಯನ್ನು ಪಂಚಾಂಗದೊಳಗೆ ಇಟ್ಟು ಮೂರು ಯುಗಾದಿ ಕಳೆದಿದ್ದೆ. ನೀನು ಅದನ್ನು ಅಂಚೆಗೆ ಹಾಕಿದ ದಿನ ಒಂದು ಸಾಲು ಬರೆ. ನಿಮ್ಮತ್ತೆ ದಿನವೂ ಕೇಳುತ್ತಿದ್ದಾಳೆ.

ಇಂತಿ ನಿನ್ನ ಮಾವ