ಮೂರು ಮಕ್ಕಳಿಗೆ ಮೂರು ಸೆಟ್ ಪುಸ್ತಕ ಬೇಡ: ಮಗಳಿಗೊಂದು ಪತ್ರ

ಡೊಂಬಿವಲಿ

ಚಿ. ಸೌ. ಮಗಳಿಗೆ ಅವ್ವನ ಆಶೀರ್ವಾದಗಳು.

ಪುಣೆಯಲ್ಲಿ ಮೂರೂ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಹೇಳಲು ನೀನು ಕಳಿಸಿದ ಪುಸ್ತಕಗಳ ಪಟ್ಟಿಯನ್ನು ನಾನೂ ನಿನ್ನ ಅಪ್ಪನೂ ಕೂತು ಪೂರ್ತಿ ಓದಿದೆವು. ಅಮೆರಿಕದಿಂದ ತರಿಸುವ ಪಠ್ಯದ ಸೆಟ್ಟು ದೊಡ್ಡಾಕಿಗೊಂದು, ನಡುವಿನವನಿಗೊಂದು, ಮೂರು ವರ್ಷದ ಸಣ್ಣಾಕಿಗೂ ಒಂದು. ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿದ್ದೀ. ಮೂರು ಸೆಟ್ಟು ಬೇಡ ಅಂತ ನನಗನಿಸುತ್ತದೆ. ತರಿಸಲೇಬೇಕು ಅನಿಸಿದರೆ ದೊಡ್ಡಾಕಿಯ ವಯಸ್ಸಿನದು ಒಂದೇ ತರಿಸು. ಅಕ್ಕನ ಅಂಗಿಯನ್ನು ತಂಗಿಗೆ ಮಡಚಿ ಹೊಲಿಯುವ ಹಾಗೆ ಅದನ್ನು ಉಳಿದಿಬ್ಬರಿಗೆ ಹೊಂದಿಸಿದರಾಯಿತು.

ನಿನ್ನ ವೇಳೆಯ ಲೆಕ್ಕ ಹಾಕಿ ನೋಡು. ಮೂರು ಮಕ್ಕಳು, ಒಬ್ಬೊಬ್ಬರಿಗೆ 5 ವಿಷಯ, ದಿನಕ್ಕೆ 15 ಪಾಠ. ಒಂದೊಂದಕ್ಕೆ 20 ನಿಮಿಷ ಹಿಡಿದರೂ 5 ತಾಸು. ಅದರಲ್ಲಿ ಕುಕ್ಕರ್ ಇಡುವುದು ಸೇರಿಲ್ಲ, ಸಣ್ಣಾಕಿಯನ್ನು ಬಚ್ಚಲಿಗೆ ಕರೆದೊಯ್ಯುವುದು ಸೇರಿಲ್ಲ, ಇಬ್ಬರ ಜಗಳ ಬಿಡಿಸುವುದೂ ಸೇರಿಲ್ಲ. ಹೀಗೆ ನಡೆಸಲು ಹೊರಟರೆ ದೀಪಾವಳಿಯ ಹೊತ್ತಿಗೆ ನೀನು ಸುಸ್ತಾಗಿ ಕೂತಿರುತ್ತೀ. ಅದು ನನಗೆ ಬೇಡ. ಓದು-ಬರಹ ಮತ್ತು ಲೆಕ್ಕ, ಇವೆರಡಕ್ಕೆ ಮಾತ್ರ ಒಂದೊಂದು ಮಗುವಿಗೆ ಅದರದೇ ಮೆಟ್ಟಿಲು ಇರಲಿ. ವಿಜ್ಞಾನ, ಇತಿಹಾಸ, ಊರು-ನೆಲ, ಕಥೆ, ಚಿತ್ರ, ಹಾಡು ಎಲ್ಲಕ್ಕೂ ಮೂವರೂ ಒಂದೇ ಜಮಖಾನದ ಮೇಲೆ ಕೂರಲಿ.

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋದಂತೆ ನನ್ನ ಕೋಣೆಯಲ್ಲಿ ಎರಡು ಇಯತ್ತೆ (ತರಗತಿ), ಆಮೇಲೆ ಮೂರು ಇಯತ್ತೆ ಒಟ್ಟಿಗೆ ಕೂರತೊಡಗಿದವು. ಮೂರನೆಯವರಿಗೆ ಹೇಳಿದ್ದನ್ನು ಒಂದನೆಯವರು ಕಿವಿಗೊಟ್ಟು ಕೇಳುತ್ತಿದ್ದರು, ಮರುವರ್ಷ ಅದೇ ಪಾಠ ಬಂದಾಗ ಅದು ಅವರಿಗೆ ಹಳೆಯ ಪರಿಚಯ. ಸಣ್ಣವರಿಗೆ ಹೇಳಿಕೊಡುವ ದೊಡ್ಡವರು ತಮ್ಮ ಪಾಠವನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದರು. ನಿನ್ನ ಮನೆಯಲ್ಲಿ ಆ ಕೋಣೆ ತಾನಾಗಿಯೇ ಇದೆ. ಅದನ್ನು ಮೂರು ಪಾಲು ಮಾಡಬೇಡ.

ಕರ್ನಾಟಕದಲ್ಲಿ ಇದಕ್ಕಾಗಿ ಒಂದು ಪದ್ಧತಿಯನ್ನೇ ಕಟ್ಟಿದ್ದಾರೆ, ನಲಿ-ಕಲಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರು ಮಾಡಿದ್ದು, ಮುಂದೆ ರಾಜ್ಯದ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಚಿತ್ರದ ಗುರುತಿರುವ ಕಾರ್ಡು. ಒಂದು ಮೆಟ್ಟಿಲು ಹತ್ತಿದ ಮೇಲೆ ಮುಂದಿನದು. ಜ್ವರ ಬಂದು ವಾರ ತಪ್ಪಿದ ಮಗು ಬಿಟ್ಟಲ್ಲಿಂದಲೇ ಶುರು ಮಾಡುತ್ತದೆ, ಹಿಂದೆ ಬಿದ್ದೆ ಅನ್ನುವ ಮಾತೇ ಇಲ್ಲ. ಒಂದು ಗುಂಪಿಗೆ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಅರ್ಧ ನೆರವು, ಮತ್ತೊಂದಕ್ಕೆ ಜೊತೆಗಾರರ ಸಹಾಯ, ಉಳಿದವರು ತಾವೇ ಮಾಡಿಕೊಳ್ಳುತ್ತಾರೆ. ಇದನ್ನು ನಿನ್ನ ಬೆಳಗ್ಗೆಗೆ ಇಳಿಸಿಕೋ. ನಡುವಿನವನ ಹತ್ತಿರ ನೀನು ಕೂತಾಗ ದೊಡ್ಡಾಕಿ ತನ್ನ ಕೆಲಸ ತಾನು ಮಾಡಲಿ. ದೊಡ್ಡಾಕಿಗೆ ಭಾಗಾಕಾರ ಹೇಳುವಾಗ ಅವನು ತಂಗಿಗೆ ಚಿತ್ರದ ಪುಸ್ತಕ ತೋರಿಸಲಿ. ನಿನ್ನ ಚಿಗವ್ವ ಧಾರವಾಡದ ಕಡೆ ವರ್ಷಾನುಗಟ್ಟಲೆ ನಲಿ-ಕಲಿ ತರಗತಿ ನಡೆಸಿದಾಕಿ, ಫೋನ್ ಮಾಡು. ಬಾಯಿ ತೆರೆದರೆ ಒಂದು ತಾಸು ಬಿಡುವುದಿಲ್ಲ, ಆದರೆ ಅಷ್ಟೂ ಕೇಳುವಂಥದ್ದು.

ಅಕ್ಷರದ ವಿಷಯದಲ್ಲಿ ನನ್ನ ಮಾತು ಕೇಳು. ಅ, ಆ, ಇ, ಈ ಅಂತ ಸಾಲು ಹಿಡಿದು ಕಲಿಸಬೇಡ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಮಗು ಸರ, ದರ, ಅರಸ, ಗರಗಸ ಅಂತ ಓದಿಬಿಡುತ್ತದೆ. ಪೂರ್ತಿ ವರ್ಣಮಾಲೆ ಆಗುವವರೆಗೆ ಕಾಯುವ ಮಗುವಿಗೆ ತಿಂಗಳುಗಟ್ಟಲೆ ಓದಿನ ರುಚಿಯೇ ಹತ್ತುವುದಿಲ್ಲ. ನಡುವಿನವನಿಗೆ ಹೀಗೇ ಶುರು ಮಾಡು. ಕನ್ನಡ ಸರಾಗವಾದ ಮೇಲೆ ದೇವನಾಗರಿ ಹಿಡಿ, ಎರಡು ಹೊಸ ಲಿಪಿ ಒಟ್ಟಿಗೆ ಬೇಡ. ಮರಾಠಿ ಅವನಿಗೆ ಸೊಸೈಟಿಯ ಅಂಗಳದಲ್ಲಿ ದಿನಾ ಸಿಗುತ್ತಿದೆ, ಇಂಗ್ಲಿಷನ್ನು ಸದ್ಯ ಕಿವಿಯಿಂದ ಕೇಳಿದರೆ ಸಾಕು. ದೊಡ್ಡಾಕಿಯ ಮಾತು ಬೇರೆ. ಶಾಲೆಯಲ್ಲಿ ಮರಾಠಿ ಓದಿದ ಹುಡುಗಿ ಆಕಿ, ಕ-ಖ-ಗ-ಘದ ಕ್ರಮ ಗೊತ್ತು, ಕಾನಾ-ಮಾತ್ರೆ, ಅಂದರೆ ಸ್ವರದ ಗುರುತುಗಳು ಗೊತ್ತು. ಅಕ್ಷರದ ಆಕಾರವಷ್ಟೇ ಹೊಸದು. ಒಂದನೇ ಇಯತ್ತೆಯ ಪುಸ್ತಕ ಕೊಟ್ಟು ಆಕಿಯನ್ನು ಬೇಸರಗೊಳಿಸಬೇಡ.

ಲೆಕ್ಕವನ್ನು ಮೂವರಿಗೂ ಕನ್ನಡದಲ್ಲೇ ಕಲಿಸು. ಅಭಿಮಾನಕ್ಕಾಗಿ ಹೇಳುತ್ತಿಲ್ಲ, ಇದಕ್ಕೆ ಕಾರಣವಿದೆ. ಮರಾಠಿಯಲ್ಲಿ 21 ಅಂದರೆ ಏಕವೀಸ. ಬಾಯಲ್ಲಿ ಒಂದು ಮೊದಲು ಬರುತ್ತದೆ, ಬರೆಯುವಾಗ ಎರಡು ಮೊದಲು. ಸಣ್ಣ ಮಕ್ಕಳು 21 ಬರೆಯೆಂದರೆ 12 ಬರೆಯುವುದು ಇದರಿಂದಲೇ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕ ‘ವೀಸ ಏಕ’ (ಇಪ್ಪತ್ತು ಒಂದು) ಅನ್ನುವ ರೀತಿಯನ್ನು ತಂದಾಗ ಇಡೀ ಮಹಾರಾಷ್ಟ್ರದಲ್ಲಿ ಗದ್ದಲವಾಯಿತು, ನಿನಗೆ ನೆನಪಿರಬೇಕು. ಆ ಗಣಿತ ಸಮಿತಿಯ ಮುಂದಾಳಾಗಿದ್ದ ಮಂಗಲಾ ನಾರಳೀಕರ್ ಮಕ್ಕಳ ತೊಡಕನ್ನು ಸರಿಯಾಗಿ ಹಿಡಿದಿದ್ದರು ಅಂತಲೇ ನನ್ನ ನಂಬಿಕೆ. ಕನ್ನಡದ ಮಗುವಿಗೆ ಆ ಅನುಕೂಲ ಮನೆಮಾತಿನಲ್ಲೇ ಇದೆ. ಇಪ್ಪತ್ತೊಂದು ಅಂದಾಗಲೇ ಎರಡು ಹತ್ತು, ಒಂದು ಬಿಡಿ ಅಂತ ಕಿವಿಗೆ ಬೀಳುತ್ತದೆ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಹಾಕಿ ಕಟ್ಟು ಮಾಡಿಸು, ಬಿಡಿ ಕಡ್ಡಿ ಬೇರೆ ಇಡಿಸು, ಹೆಸರು ಹೇಳುತ್ತ ಜೋಡಿಸಲಿ. ಇದು ಗಟ್ಟಿಯಾದರೆ ಕೈಯಲ್ಲಿ ಹಿಡಿಯುವ, ಅಂದರೆ ದಶಕ ತೆಗೆದುಕೊಳ್ಳುವ ಕೂಡುವುದು-ಕಳೆಯುವುದು ತಾನಾಗಿ ಬರುತ್ತದೆ. ಕವಡೆ ಹಾಕಿ ಚೌಕಾಬಾರ ಆಡಿಸು. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಹಂಚುವಾಗ ಒಂದು ಗುಳಿಗೆ ಒಂದೇ ಬೀಜ ಅನ್ನುವುದನ್ನು ಸಣ್ಣಾಕಿಯೂ ಕಲಿಯುತ್ತಾಳೆ. ಅಪೂರ್ಣಾಂಕಕ್ಕೆ ದೊಡ್ಡಾಕಿಯನ್ನು ಕಾಯಿಪಲ್ಲೆ ಪೇಟೆಗೆ ಕರೆದುಕೊಂಡು ಹೋಗು. ಪಾವ ಕಿಲೋ ಬೀನ್ಸ್, ಅರ್ಧ ಕಿಲೋ ಬಟಾಟೆ, ಮುಕ್ಕಾಲು ಕಿಲೋ ಟೊಮೆಟೊ, ಒಟ್ಟು ಭಾರ ಎಷ್ಟು? ಚೀಲ ಹಿಡಿದವಳೇ ಹೇಳಲಿ.

ಪುಸ್ತಕಕ್ಕೆ ಅಮೆರಿಕದತನಕ ಹೋಗಬೇಕಾಗಿಲ್ಲ. 1967ರಲ್ಲಿ ಶುರುವಾದ ಬಾಲಭಾರತಿ ನಿನ್ನ ಪುಣೆಯಲ್ಲೇ, ಸೇನಾಪತಿ ಬಾಪಟ್ ರಸ್ತೆಯಲ್ಲಿದೆ. ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತಾರೆ, ಕನ್ನಡವೂ ಅದರಲ್ಲೊಂದು. ಪಿಡಿಎಫ್ ಪುಕ್ಕಟೆ. ಒಂದೇ ಗಣಿತದ ಪುಸ್ತಕವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಇಳಿಸಿಕೊಂಡು ಪಕ್ಕಪಕ್ಕ ಇಡು, ನಾಳೆ ದೊಡ್ಡಾಕಿ ಶಾಲೆಗೆ ಮರಳಿದರೂ ಮರಾಠಿ ಶಬ್ದಗಳು ಪರಕೀಯ ಅನಿಸುವುದಿಲ್ಲ. ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳೂ ಹಾಗೇ ಪುಕ್ಕಟೆ ಸಿಗುತ್ತವೆ. ಚಿತ್ರ, ಆಟ, ಪ್ರಶ್ನೆಗಳಿಗೆ ಅವು ಚೆನ್ನಾಗಿವೆ.

ಆ ವಿದೇಶಿ ಸೆಟ್ಟನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಯಾವುದರ ಮೇಲೆ ಯಾವುದು ಅನ್ನುವ ಕ್ರಮವನ್ನು ಅವರು ಚೆನ್ನಾಗಿ ಹಾಕಿರುತ್ತಾರೆ. ಕ್ರಮ ಇಟ್ಟುಕೋ, ಸಾಮಾನು ಬದಲಿಸು. ಪೆನ್ನಿ ಮತ್ತು ಕ್ವಾರ್ಟರ್ ಇದ್ದಲ್ಲಿ ರೂಪಾಯಿ ನಾಣ್ಯ, ಇಂಚು ಇದ್ದಲ್ಲಿ ಸೆಂಟಿಮೀಟರ್, ಮೇಪಲ್ ಮರ ಇದ್ದಲ್ಲಿ ನಿಮ್ಮ ವೇತಾಳ ಟೇಕಡಿ ಗುಡ್ಡದ ಮೇಲೆ ಅರಳುವ ಕಕ್ಕೆ, ಅಲ್ಲಿಯವರು ಬಹಾವಾ ಅನ್ನುವುದು. ಹಿಮದ ಪಾಠ ಬಂದಾಗ ಆ ಪುಟ ದಾಟಿ ಮಳೆ ಹಿಡಿ.

ಮಳೆಯನ್ನೇ ನೋಡು, ಜೂನ್ ಹತ್ತಿರ ಬಂತು. ತಳ ಸಪಾಟಾದ, ಗೋಡೆ ನೇರವಾದ ಒಂದು ಡಬ್ಬಿಯನ್ನು ಗಚ್ಚಿಯ ಮೇಲೆ, ಗಿಡ-ಗೋಡೆಯಿಂದ ದೂರ ಇಡಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಮೂವರೂ ಹೋಗಲಿ. ನಡುವಿನವನು ಪಟ್ಟಿ ಇಟ್ಟು ಮಿಲಿಮೀಟರ್ ಓದಲಿ, ಆಮೇಲೆ ಸಣ್ಣಾಕಿ ನೀರು ಚೆಲ್ಲಲಿ, ಅದು ಆಕಿಯ ದೊಡ್ಡ ಕೆಲಸ. ದೊಡ್ಡಾಕಿ ತಾರೀಖು ಹಾಕಿ ಬರೆದು, ವಾರಕ್ಕೊಮ್ಮೆ ಕೂಡಿ, ಚೌಕದ ಕಾಗದದ ಮೇಲೆ ಕಂಬ ಎಳೆಯಲಿ. ಪತ್ರಿಕೆಯಲ್ಲಿ ಪುಣೆಯ ಶಿವಾಜಿನಗರದ ಮಳೆಯ ಅಂಕಿ ಬರುತ್ತದೆ, ತನ್ನದರ ಜೊತೆ ಇಟ್ಟು ನೋಡಲಿ. ಒಂದು ದಿನ ಮೂವರನ್ನೂ ಹವಾಮಾನ ಇಲಾಖೆಯ ಕಟ್ಟಡದ ಮುಂದೆ ನಿಲ್ಲಿಸು. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಬಂತು, ಅದಕ್ಕೇ ಜನ ಅದನ್ನು ಇಂದಿಗೂ ಸಿಮ್ಲಾ ಆಫೀಸ್ ಅನ್ನುತ್ತಾರೆ. ನಾನೂ ಇಲ್ಲಿ ಗಚ್ಚಿಯ ಮೇಲೆ ಒಂದು ಡಬ್ಬಿ ಇಡುತ್ತೇನೆ, ರವಿವಾರ ಫೋನಿನಲ್ಲಿ ಅಂಕಿ ಹೇಳುತ್ತೇನೆ. ಡೊಂಬಿವಲಿಯ ಕಂಬ ಇಷ್ಟುದ್ದ, ಪುಣೆಯದು ಇಷ್ಟೇ ಯಾಕೆ ಅಂತ ದೊಡ್ಡಾಕಿ ಕೇಳಿಯೇ ಕೇಳುತ್ತಾಳೆ. ಆಗ ಸಹ್ಯಾದ್ರಿಯ ಮಾತು ತೆಗೆ. ಸಮುದ್ರದ ಮೋಡ ಘಟ್ಟ ಏರುವಾಗ ತಣ್ಣಗಾಗಿ ಈಚೆ ಬದಿಯಲ್ಲೇ ಸುರಿಯುತ್ತದೆ, ಲೋಣಾವಳದಲ್ಲಿ ಧೋ ಧೋ, ಆಚೆ ಪುಣೆಗೆ ಉಳಿದದ್ದು. ಕಣಕದಲ್ಲಿ ಘಟ್ಟ ಮಾಡಿ ತೋರಿಸು. ಭೂಗೋಲ, ಅಳತೆ, ಬರವಣಿಗೆ, ಲೆಕ್ಕ ಎಲ್ಲ ಒಂದೇ ಡಬ್ಬಿಯಿಂದ ಬಂತು, ಮೂರು ವಯಸ್ಸಿಗೂ ಬಂತು.

ಇತಿಹಾಸವೂ ಹಾಗೇ, ಮನೆಯ ಹತ್ತಿರದಿಂದ ಶುರುವಾಗಲಿ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆ ರಾಷ್ಟ್ರಕೂಟರ ಕಾಲದ್ದು, ಎಂಟನೇ ಶತಮಾನದ್ದು. 758 ಮತ್ತು 768ರ ರಾಷ್ಟ್ರಕೂಟ ತಾಮ್ರಪಟಗಳಲ್ಲಿ ಈ ಸೀಮೆಯ ಹೆಸರಿದೆ. ನಮ್ಮ ಕಡೆಯ ದೊರೆಗಳು ಇಲ್ಲಿಯವರೆಗೆ ಆಳಿದ್ದರು ಅಂತ ಗೊತ್ತಾದಾಗ ಮಕ್ಕಳಿಗೆ ಪುಣೆ ಇನ್ನಷ್ಟು ತಮ್ಮದಾಗುತ್ತದೆ. ಅಲ್ಲಿಂದ ಭಿಡೇವಾಡಕ್ಕೆ ಬಾ, 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗಕ್ಕೆ. ದೊಡ್ಡಾಕಿಗೆ ಅದನ್ನು ನೀನೇ ಹೇಳಬೇಕು.

ಸಣ್ಣಾಕಿಗೆ ಏನೂ ಕೊಳ್ಳಬೇಡ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ 3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ಬೇಡ ಅನ್ನುತ್ತದೆ. ಮಹಾರಾಷ್ಟ್ರದ ಕೋಸಬಾಡದಲ್ಲಿ ಬಾಲಶಿಕ್ಷಣ ಕಟ್ಟಿದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಆದಿವಾಸಿ ಮಕ್ಕಳಿಗೆ ಎಲೆ, ಬೀಜ, ಕಲ್ಲು, ಚಿಪ್ಪಿನಿಂದಲೇ ಕಲಿಸಿದರು. ಅಕ್ಕ-ಅಣ್ಣನ ಪಾಠದ ಹೊತ್ತಿಗೆ ಆಕಿಯ ಕೈಗೆ ಒಂದು ಪರಾತ, ಎರಡು ವಾಟಿ, ಒಂದಿಷ್ಟು ಅಕ್ಕಿ ಕೊಡು. ಮತ್ತೆ ದಿನದ ಮೊದಲ ಹದಿನೈದು ನಿಮಿಷ ಆಕಿಗೇ ಕೊಡು. ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದರೆ ಆಮೇಲೆ ನಿನ್ನ ಸೆರಗು ಎಳೆಯುವುದು ಕಡಿಮೆಯಾಗುತ್ತದೆ.

ಅಳಿಯಂದಿರು ಕಾನೂನಿನ ಬಗ್ಗೆ ಕೇಳಿದ್ದರು, ಅವರ ಚಿಂತೆ ಸರಿಯಾದದ್ದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಇದೆ. ಹೋಂಸ್ಕೂಲ್ ಬಗ್ಗೆ ಅದು ಏನೂ ಹೇಳುವುದಿಲ್ಲ, ಪಾಲಕರಿಗೆ ದಂಡ-ಶಿಕ್ಷೆ ಇಟ್ಟಿಲ್ಲ. ಅದೇ ಕಾಯ್ದೆಯ ಪ್ರಕಾರ ಮುಂದೆ 14 ತುಂಬುವುದರೊಳಗೆ ಶಾಲೆಗೆ ಹೋದರೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಳ್ಳಬೇಕು. ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯವರ ಮುಕ್ತ ಬುನಾದಿ ಶಿಕ್ಷಣದಲ್ಲಿ ಎ, ಬಿ, ಸಿ ಹಂತಗಳಿವೆ, 3, 5, 8ನೇ ಇಯತ್ತೆಗೆ ಸಮ. 14 ತುಂಬಿದ ಮೇಲೆ ಹತ್ತನೆಯದನ್ನೂ ಅಲ್ಲಿಂದಲೇ ಬರೆಯಬಹುದು. ಬಾಗಿಲು ತೆರೆದೇ ಇದೆ. ನೀನು ಒಂದು ಕೆಲಸ ತಪ್ಪದೆ ಮಾಡು, ಮೂವರ ಹೆಸರಿಗೂ ಒಂದೊಂದು ಫೈಲ್ ಇಡು. ಯಾವ ತಿಂಗಳು ಏನು ಓದಿದರು, ಏನು ಬರೆದರು ಅಂತ ತಾರೀಖು ಸಮೇತ ಇರಲಿ.

ಪುಸ್ತಕ ಪೂರ್ತಿ ಮುಗಿಸಲೇಬೇಕು ಅಂತ ಹಟ ಹಿಡಿಯಬೇಡ. ಮಾರ್ಚಿಗೆ ಪೋರ್ಷನ್ ಮುಗಿಸುವ ಗರಜು ನಮ್ಮಂಥ ಶಿಕ್ಷಕರಿಗಿತ್ತು, ನಿನಗಿಲ್ಲ. ಬಂದದ್ದನ್ನೇ ಮತ್ತೆ ತಿದ್ದಿಸಬೇಡ, ದಾಟಿಸು. ಒಂದು ಪಾಠ ವಾರವಿಡೀ ಅಳು ತರಿಸಿದರೆ ಎರಡು ಮೆಟ್ಟಿಲು ಕೆಳಗಿಳಿ, ತೊಡಕು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಗಲೂ ತಿಳಿಯದಿದ್ದರೆ ಪುಸ್ತಕ ಬದಲಿಸು, ಮಗುವನ್ನು ಬೈಯಬೇಡ.

ಈ ತಿಂಗಳು ಏನೂ ಆರ್ಡರ್ ಮಾಡಬೇಡ. ದೊಡ್ಡಾಕಿ ಒಂದು ಪುಟ ಓದುವುದನ್ನು, ನಡುವಿನವನು ನೂರರತನಕ ಎಣಿಸುವುದನ್ನು ವಿಡಿಯೋ ಮಾಡಿ ಕಳಿಸು. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ನೋಡಿ ನಾನು ಕಾರ್ಡು ಬರೆಯಲು ಕೂರುತ್ತೇನೆ, ನಿನ್ನ ಅಪ್ಪ ರಟ್ಟು ಕತ್ತರಿಸಿಕೊಡುತ್ತೇನೆ ಅಂದಿದ್ದಾರೆ. ಜೂನ್ ಮೊದಲ ವಾರ ಕಲ್ಯಾಣದಲ್ಲಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿ ಬರುತ್ತೇವೆ, ಅಳಗುಳಿ ಮಣೆಯನ್ನೂ ತರುತ್ತೇವೆ. ಸ್ಟೇಷನ್ನಿಗೆ ಯಾರೂ ಬರುವುದು ಬೇಡ, ರಿಕ್ಷಾ ಮಾಡಿಕೊಳ್ಳುತ್ತೇವೆ.

ಇಂತಿ,
ನಿನ್ನ ಅವ್ವ